ಎಷ್ಟು ಕಿಲೋಮೀಟರ್ ಎಂದು ಕೇಳಬೇಡಿ

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದ ಮೇಲೆ, ಕಾಲೇಜು ಗೇಟಿನ ಹೊರಗಿನ ಚಹದಂಗಡಿಯಲ್ಲಿ ಒಂದು ಚರ್ಚೆ ನಡೆಯಿತು. ಕಾವ್ಯದ ಬಗ್ಗೆ ಅಲ್ಲ. ದೀಪಾವಳಿ ರಜೆಗೆ ಪುಣೆಯಿಂದ ಧಾರವಾಡಕ್ಕೆ ಮೋಟಾರ್‌ಸೈಕಲ್ ಮೇಲೆ ಹೋಗುವ ಬಗ್ಗೆ. ರಾತ್ರಿ ಹತ್ತಕ್ಕೆ ಹೊರಡುವುದು, ಬೆಳಗಿನ ಚಹಕ್ಕೆ ಮನೆ ಮುಟ್ಟುವುದು, ಇದು ನಾಲ್ವರು ಮಿತ್ರರ ಯೋಜನೆ. "ಎಲ್ಲೂ ನಿಲ್ಲಿಸೋದಿಲ್ಲ, ನಾನ್‌ಸ್ಟಾಪ್!" ಎಂದು ಒಬ್ಬ ಮೇಜು ಗುದ್ದಿದ. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಗಾಡಿ ಇಟ್ಟವ, ಬರ್ತೀಯಲ್ಲ?" ಎಂದ. ಇಲ್ಲ ಎಂದೆ. ಯಾಕೆ ಎಂಬುದನ್ನು ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ, ಈಗ ಹೇಳುತ್ತೇನೆ.

ನನ್ನದು ಅಪ್ಪನ ಹಳೆಯ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನು ಮಾಡಿತು, 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು ನಿಜ, ಆದರೆ ಅವು ಫೋರ್‌ಸ್ಟ್ರೋಕ್ ಎಂಜಿನ್ನಿನ ಬೇರೆಯೇ ಗಾಡಿಗಳು. ನನ್ನದು 250 ಸಿಸಿಯ ಟೂಸ್ಟ್ರೋಕ್. ಕಿಕ್ ಹೊಡೆಯುವ ಸಲಾಕೆಯನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಬಹಳ ಹೊತ್ತು ಇಳಿದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳಬಹುದು. ಹೊಗೆ ಬಿಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪರಿಸರದ ಬಗ್ಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ.

ಗಾಡಿಯ ಕೀಲಿ ಕೊಡುವಾಗ ಅಪ್ಪ ಹೇಳಿದ್ದು ಇಷ್ಟೇ: "ತಗೊಂಡ್ ಹೋಗು, ಅಡ್ಡಿಯಿಲ್ಲ. ಆದ್ರ ಮೊದಲ ಅದರ ಸಪ್ಪಳ ಕೇಳಾಕ ಕಲಿ." ನಾನು ಹೂಂ ಎಂದೆ. ಕೇಳಲು ಕಲಿಯಲಿಲ್ಲ.

ಮೂರು ವರ್ಷದ ಹಿಂದೆ ಯುಗಾದಿಗೆ ಊರಿಗೆ ಹೊರಟಿದ್ದೆ, ಹಿಂದೆ ನನ್ನ ರೂಮಿನ ಗೆಳೆಯ. ಹೊರಡುವ ವಾರ ಮೊದಲು ಮೆಕ್ಯಾನಿಕ್ ಹಿಂದಿನ ಟೈರನ್ನು ಬೆರಳಿನಿಂದ ಒತ್ತಿ ನೋಡಿ, "ಇದು ಮುಗಿದಿದೆ, ಬದಲಿಸು" ಎಂದಿದ್ದ. ಗುಂಡಿಗಳು ಇನ್ನೂ ಆಳವಾಗಿದ್ದವು, ನೋಡಲು ಚೆನ್ನಾಗಿಯೇ ಇತ್ತು. ನಾನು ಬದಲಿಸಲಿಲ್ಲ. ಆ ದುಡ್ಡಿನಲ್ಲಿ ಎರಡೂ ಬದಿಗೆ ಕ್ಯಾನ್ವಾಸ್ ಚೀಲ ಕೊಂಡೆ, ಮುಂದೆ ಒಂದು ಹಳದಿ ದೀಪ ಹಾಕಿಸಿದೆ. ಫೋಟೋದಲ್ಲಿ ಚೀಲ ಕಾಣುತ್ತದೆ, ದೀಪ ಕಾಣುತ್ತದೆ, ಟೈರಿನ ವಯಸ್ಸು ಕಾಣುವುದಿಲ್ಲ ನೋಡಿ.

ಸಾತಾರಾ ದಾಟಿ ಕರಾಡಿನ ಕಡೆ ಹೋಗುವಾಗ ಹಿಂದಿನ ಚಕ್ರ ಒಮ್ಮೆಗೇ ಗಾಳಿ ಬಿಟ್ಟಿತು. ಟ್ಯೂಬಿನ ಟೈರು ಹಾಗೇ, ಒಡೆದರೆ ಕ್ಷಣದಲ್ಲಿ ಖಾಲಿ. ಗಾಡಿ ಎರಡು ಸಲ ಬಾಲ ಬೀಸಿ ಮಲಗಿತು. ನನಗೆ ಚರ್ಮ ಕಿತ್ತಿತು, ಅಷ್ಟೇ. ಗೆಳೆಯನ ಬಲ ಮೊಣಕೈ ಮುರಿಯಿತು. ಆ ಸೆಮಿಸ್ಟರಿನ ಪರೀಕ್ಷೆ ಅವನು ಬರೆಯಲಿಲ್ಲ. ಹಿಂದಿನಿಂದ ಲಾರಿ ಬರುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಈ ಲೇಖನ ಬರೆಯುತ್ತಿದ್ದೇನೆ.

ಅವನ ತಾಯಿ ಹಾವೇರಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದರು. ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಕಂಡು ಮೊದಲು ಕೇಳಿದ್ದು, "ನಿನಗ ಪೆಟ್ಟ ಆಗಿಲ್ಲಲ್ಲೋ ತಮ್ಮಾ?" ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಮೇಲೆ ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ಹಣೆಬರಹ ಎಂದರು, ರಸ್ತೆಯೇ ಹಾಗೆ ಎಂದರು. ಹಣೆಬರಹ ಅಲ್ಲ ಮಿತ್ರರೆ, ಟೈರಿನ ಬರಹ. ಪ್ರತಿ ಟೈರಿನ ಪಕ್ಕೆಯಲ್ಲೂ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನದರ ಮೇಲೆ 2311 ಎಂದಿತ್ತು, ಅಂದರೆ 2011ರ ಇಪ್ಪತ್ತಮೂರನೇ ವಾರ. ಹೆಚ್ಚು ಓಡದಿದ್ದರೂ ರಬ್ಬರು ಮುದಿಯಾಗುತ್ತದೆ, ಗಡುಸಾಗಿ ಸೀಳುತ್ತದೆ. ಓದು ಬಲ್ಲವನು, ಸಾಹಿತ್ಯ ಸಂಘದ ಸದಸ್ಯ ಬೇರೆ, ಆ ನಾಲ್ಕು ಅಂಕಿಗಳನ್ನು ಮಾತ್ರ ಒಮ್ಮೆಯೂ ಓದಿರಲಿಲ್ಲ.

ನಮ್ಮಲ್ಲಿ ಕೆಲವರು ರಾಬರ್ಟ್ ಪಿರ್ಸಿಗ್ ಬರೆದ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. 1974ರಲ್ಲಿ ಬಂದ ಪುಸ್ತಕ. ಹೆಸರಿನಲ್ಲಿ ಝೆನ್ ಇದೆ ಎಂದು ಅದನ್ನು ಅಧ್ಯಾತ್ಮವೆಂದು ಓದುವವರೇ ಹೆಚ್ಚು. ಹೆಸರಿನ ಇನ್ನೊಂದು ಅರ್ಧ ಮೋಟಾರ್‌ಸೈಕಲ್ಲಿನ ದೇಖರೇಖಿ ಎಂಬುದನ್ನು ಮರೆಯುತ್ತಾರೆ. ಅದರಲ್ಲಿ ನಿರೂಪಕನ ಜೊತೆ ಪ್ರಯಾಣ ಮಾಡುವ ಗೆಳೆಯನ ಬಳಿ ದುಬಾರಿ ಬಿಎಂಡಬ್ಲ್ಯೂ ಇದೆ, ಆದರೆ ಅದರ ರಿಪೇರಿ ಕಲಿಯಲು ಅವನಿಗೆ ಮನಸ್ಸಿಲ್ಲ. ಹ್ಯಾಂಡಲ್ ಸಡಿಲಾದಾಗ, ಬಿಯರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ಸೇರಿಸಿದರೆ ಸರಿಹೋಗುತ್ತದೆ ಎಂದು ನಿರೂಪಕ ಹೇಳಿದರೆ, ಅವನಿಗೆ ಅವಮಾನವಾದಂತಾಗುತ್ತದೆ. ನಾನು ಆ ಗೆಳೆಯನೇ ಆಗಿದ್ದೆ. ಗಾಡಿಯ ಸುಖ ಬೇಕು, ಕೈಗೆ ಗ್ರೀಸ್ ಬೇಡ.

ನಿಮ್ಮ ಆಕ್ಷೇಪಣೆ ನನಗೆ ಗೊತ್ತು. "ನಿನ್ನದು ಹಳೇ ಡಬ್ಬಾ, ನಮ್ಮದು ಹೊಸ ಗಾಡಿ. ಟ್ಯೂಬ್‌ಲೆಸ್ ಟೈರು, ಎಬಿಎಸ್, ಡಿಸ್ಕ್ ಬ್ರೇಕು. ಸ್ಪ್ಯಾನರ್ ಯಾಕೆ?" ಸರಿ, ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಗಾಳಿ ಮೆಲ್ಲಗೆ ಹೋಗುತ್ತದೆ. ಎಬಿಎಸ್ ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆ, ದೊಡ್ಡ ಉಪಕಾರವೇ. ಆದರೆ ಬೆಳಗಿನ ಮೂರು ಗಂಟೆಗೆ ಮುಚ್ಚಿಕೊಳ್ಳುವ ಕಣ್ಣನ್ನು ಅದು ತೆರೆಸುವುದಿಲ್ಲ. ಸಡಿಲಾದ ಚೈನನ್ನು ಬಿಗಿ ಮಾಡುವುದಿಲ್ಲ, ತೆಳ್ಳಗಾದ ಬ್ರೇಕ್ ಪ್ಯಾಡನ್ನು ದಪ್ಪ ಮಾಡುವುದಿಲ್ಲ. ಕಂತಿನ ಮೇಲೆ ಎರಡು ಲಕ್ಷದ ಗಾಡಿ ತಗೊಂಡು, ಐಎಸ್ಐ ಗುರುತಿಲ್ಲದ ಟೋಪಿಯನ್ನು ಹಿಂದೆ ಕೂತವನ ತಲೆಗೆ ಹಾಕುವವರನ್ನು ನಾನು ನಮ್ಮ ಹಾಸ್ಟೆಲಿನಲ್ಲೇ ನೋಡಿದ್ದೇನೆ. ಹಿಂದೆ ಕೂತವನು ನಮ್ಮನ್ನು ನಂಬಿ ಕೂತಿರುತ್ತಾನೆ. ಅವನ ತಲೆ ನಮ್ಮ ತಲೆಗಿಂತ ಅಗ್ಗವೇ?

ಎರಡನೇ ಆಕ್ಷೇಪಣೆ: ರಜೆ ನಾಲ್ಕೇ ದಿನ, ನಿಧಾನ ಹೋದರೆ ದಾರಿಯಲ್ಲೇ ಮುಗಿದುಹೋಗುತ್ತದೆ. ಹಾಗಾದರೆ ಬಸ್ಸಿದೆ, ರೈಲಿದೆ. ಬಸ್ಸಿನಲ್ಲಿ ಹೋದರೆ ಯಾರ ಗಂಡಸುತನವೂ ಕಡಿಮೆಯಾಗುವುದಿಲ್ಲ. ಊರು ಮುಟ್ಟುವುದೇ ಮುಖ್ಯವಾದರೆ ಗಾಡಿ ಬೇಡ. ದಾರಿ ಮುಖ್ಯವಾದರೆ ರಾತ್ರಿ ಬೇಡ.

ಯಾಕೆಂದರೆ ಆ ದಾರಿಯಲ್ಲಿ ನೋಡುವುದು ಎಷ್ಟಿದೆ! ಖಂಬಾಟಕಿ ಘಟ್ಟ, ಕರಾಡಿನಲ್ಲಿ ಕೃಷ್ಣೆ ಕೊಯ್ನೆಯರ ಸಂಗಮ, ಕೊಲ್ಹಾಪುರದ ಸುತ್ತ ಕಬ್ಬಿನ ಗದ್ದೆ, ಹಂಗಾಮಿನಲ್ಲಿ ಆಲೆಮನೆಯ ಬೆಲ್ಲದ ವಾಸನೆ. ಕಾಗಲ್ ದಾಟಿ ಕೊಗನೊಳ್ಳಿಗೆ ಬಂದರೆ ಬೋರ್ಡಿನ ಅಕ್ಷರ ದುಂಡಗಾಗುತ್ತದೆ. ನಿಪ್ಪಾಣಿಯ ಚಹದಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಮರಾಠಿ, ಕನ್ನಡ ಎರಡೂ ಕೂತಿರುತ್ತವೆ, ಜಗಳ ಮಾಡದೆ. ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಎಂ. ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆ. ಹೊರನಾಡಿನಲ್ಲಿ ಓದುವ ನಮಗೆ, ಭಾಷೆ ಸ್ವಲ್ಪಸ್ವಲ್ಪವಾಗಿ ಮನೆಯ ಭಾಷೆಯಾಗುತ್ತ ಹೋಗುವುದನ್ನು ಕಿವಿಯಿಂದಲೇ ಕೇಳುವ ಸುಖ ಬೇರೆ ಯಾವ ದಾರಿಯಲ್ಲಿದೆ? ರಾತ್ರಿ ಹೋದವನಿಗೆ ಕಾಣುವುದು ಮುಂದಿನ ಲಾರಿಯ ಕೆಂಪು ದೀಪ ಮಾತ್ರ. ಆಮೇಲೆ ನಾನೂರು ಚಿಲ್ಲರೆ ಕಿಲೋಮೀಟರ್ ಹೊಡೆದೆ ಎಂದು ಎಲ್ಲರಿಗೂ ಹೇಳುತ್ತಾನೆ. ಹೊಡೆಯಲು ಅದೇನು ಹಾವೇ?

ಚೆ ಗುವಾರ ತನ್ನ ಗೆಳೆಯ ಆಲ್ಬರ್ಟೋ ಗ್ರನಾಡೋ ಜೊತೆ 1952ರಲ್ಲಿ ದಕ್ಷಿಣ ಅಮೆರಿಕ ಸುತ್ತಿದ್ದನ್ನು ಸಿನಿಮಾದಲ್ಲಿ ನೋಡಿ ಮೆಚ್ಚಿದವರು ನಾವೆಲ್ಲ. ಅವರ ನಾರ್ಟನ್ ಗಾಡಿ ಚಿಲಿ ದೇಶದಲ್ಲೇ ಸತ್ತುಹೋಯಿತು. ಮುಂದಿನ ದಾರಿ ನಡೆದು, ಲಾರಿ ಹತ್ತಿ. ಗಣಿ ಕೂಲಿಗಳನ್ನು, ಕುಷ್ಠರೋಗಿಗಳನ್ನು ಅವರು ಕಂಡದ್ದು ಗಾಡಿ ಹೋದ ಮೇಲೆ. ವೇಗ ಕಳೆದುಕೊಂಡ ಮೇಲೇ ಅವರಿಗೆ ಜನ ಸಿಕ್ಕರು.

ಇನ್ನೊಂದು ವ್ಯವಹಾರದ ಮಾತು. ಕರ್ನಾಟಕದ ನೋಂದಣಿಯ ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿಯ ನಂಬರಿಗೆ ಬದಲಿಸಬೇಕೆಂದು ಕಾಯಿದೆ ಇದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸಬೇಕು. ವಿಮೆ ಮುಗಿದಿದ್ದರೆ ಎದುರಿನವನಿಗೆ ಆದ ಪೆಟ್ಟಿನ ಖರ್ಚು ನಿಮ್ಮ ಮನೆಯ ಮೇಲೆ. ಕಾಗದಗಳೂ ಗಾಡಿಯ ಭಾಗವೇ.

ಟೀಕೆ ಮಾಡಿ ಸುಮ್ಮನಾಗುವವನಲ್ಲ ನಾನು. ನನ್ನ ಪರ್ಯಾಯ ಇದು. ಬೆಳಗಿನ ಬೆಳಕು ಹರಿದ ಮೇಲೆ ಹೊರಡೋಣ. ಗಂಟೆಗೊಮ್ಮೆ ಇಳಿದು ಸೊಂಟ ನೇರ ಮಾಡೋಣ. ಕತ್ತಲಾಗುವ ಮೊದಲು ಕೊಲ್ಹಾಪುರದಲ್ಲಿ ವಸ್ತಿ, ಮರುದಿನ ಮಧ್ಯಾಹ್ನದ ಊಟಕ್ಕೆ ಧಾರವಾಡ. ಅದಕ್ಕೂ ಮೊದಲು, ಬರುವ ಶನಿವಾರ ಮಧ್ಯಾಹ್ನ ಹಾಸ್ಟೆಲಿನ ಹಿಂದೆ ಎಲ್ಲರೂ ನಿಮ್ಮ ನಿಮ್ಮ ಗಾಡಿ ತನ್ನಿ. ಚೈನು, ಬ್ರೇಕು, ದೀಪ, ಕೇಬಲ್ಲು ನೋಡೋಣ. ಪ್ಲಗ್ ಬಿಚ್ಚುವುದು, ಕ್ಲಚ್ ಕೇಬಲ್ ಹಾಕುವುದು ನನಗೆ ಈಗ ಬರುತ್ತದೆ, ಕಲಿಸುತ್ತೇನೆ. ಟೈರಿನ ನಾಲ್ಕು ಅಂಕಿ ಓದೋಣ. ಯಾರ ಟೈರು ಮುಗಿದಿದೆಯೋ ಅವರು ಬಸ್ಸಿಗೆ ಬರಲಿ, ನಾವು ಸ್ಟ್ಯಾಂಡಿಗೆ ಹೋಗಿ ಕರೆದುಕೊಳ್ಳುತ್ತೇವೆ.

ಮೊಣಕೈ ಮುರಿದ ಗೆಳೆಯನನ್ನೂ ಕೇಳಿದೆ. ಅವನ ಕೈ ಇವತ್ತಿಗೂ ಪೂರ್ತಿ ನೀಳವಾಗುವುದಿಲ್ಲ. ಬರ್ತೇನೆ, ಹಿಂದೇನೇ ಕೂಡ್ತೇನೆ ಎಂದ. "ಆದ್ರ ಶನಿವಾರ ನಿನ್ನ ಟೈರ್ ನಾನs ನೋಡಾಂವ."