ಗುರು ಕೊಡದ ಡಾನ್‌ಗಾಗಿ ಶಿಷ್ಯರ ಜಗಳ

ಜಪಾನಿನ ಒಕಿನಾವಾದ ಒಂದು ಕರಾಟೆ ಸಂಸ್ಥೆ ಕೊಟ್ಟ ಡಾನ್ ಎಂಬ ಬ್ಲ್ಯಾಕ್ ಬೆಲ್ಟ್ ಪದವಿಯನ್ನು ಅದೇ ದ್ವೀಪದ ಇನ್ನೊಂದು ಸಂಸ್ಥೆ ಒಪ್ಪಲೇಬೇಕೆಂದೇನಿಲ್ಲ. ಇಪ್ಪತ್ತು ವರ್ಷ ಬೆವರು ಸುರಿಸಿದವನೂ ಗುರುವಿನ ಬಣ ಬದಲಾದರೆ ಹೊಸ ಕಡೆ ಕೈಕಟ್ಟಿ ನಿಂತು ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ಕೇಳಿದರೆ ಎರಡೂ ಕಡೆಯಿಂದ ಬರುವ ಉತ್ತರ ಒಂದೇ: ನಮ್ಮದೇ ಅಸಲಿ ಪರಂಪರೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಡಾನ್ ಒಕಿನಾವಾದ ಪರಂಪರೆಯೇ ಅಲ್ಲ.

ಅದನ್ನು ರೂಢಿಗೆ ತಂದವರು ಜೂಡೊದ ಜನಕ ಕಾನೊ ಜಿಗೊರೊ, 1883ರಲ್ಲಿ, ಟೋಕಿಯೊದಲ್ಲಿ. ಕರಾಟೆಗೆ ಅದನ್ನು ತಂದವರು ಒಕಿನಾವಾದಿಂದ ಹೋಗಿ ಅಲ್ಲೇ ನೆಲೆಸಿದ ಫುನಾಕೋಶಿ ಗಿಚಿನ್, 1924ರಲ್ಲಿ. ರೆನ್ಶಿ, ಕ್ಯೋಶಿ, ಹಾನ್ಶಿ ಎಂಬ ಬಿರುದುಗಳು ಬಂದದ್ದು ಕ್ಯೋಟೊದ ಬುತೊಕುಕಾಯಿ ಎಂಬ ಸಮರಕಲಾ ಸಂಸ್ಥೆಯಿಂದ. ಒಕಿನಾವಾದ ಗುರುಗಳು ಚಿಬಾನಾ ಚೋಶಿನ್ ಅವರ ಅಧ್ಯಕ್ಷತೆಯಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡು ಡಾನ್ ವ್ಯವಸ್ಥೆಯತ್ತ ತಿರುಗಿದ್ದು 1956ರಲ್ಲಿ. ಅಂದರೆ ಇಂದು 'ಶತಮಾನಗಳ ಪರಂಪರೆ' ಎಂದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಆ ಕಾಗದಕ್ಕೆ ಒಕಿನಾವಾದಲ್ಲಿ ನೂರು ವರ್ಷವೂ ತುಂಬಿಲ್ಲ.

ಒಕಿನಾವಾದ ಗೋಜು-ರ್ಯು ಶೈಲಿಯ ಕಥೆಯನ್ನೇ ನೋಡಿ. ಸ್ಥಾಪಕ ಮಿಯಾಗಿ ಚೋಜುನ್ ತಮ್ಮ ಶಿಷ್ಯರಲ್ಲಿ ಯಾರಿಗೂ ಡಾನ್ ಕೊಡಲಿಲ್ಲ. ಉತ್ತರಾಧಿಕಾರಿಯಾಗುವರೆಂದು ಎಲ್ಲರೂ ನಂಬಿದ್ದ ಶಿಂಜಾತೊ ಜಿನ್‌ಆನ್ 1945ರ ಯುದ್ಧದಲ್ಲಿ ತೀರಿಕೊಂಡರು. 1953ರಲ್ಲಿ ಮಿಯಾಗಿಯವರೂ ಹೋದರು. ಆಮೇಲೆ ಶಿಷ್ಯರಾದ ಮಿಯಾಜಾತೊ ಎಯಿಚಿ ಅವರ ಜುಂಡೋಕಾನ್, ಯಾಗಿ ಮೇತೊಕು ಅವರ ಮೇಬುಕಾನ್, ತೊಗುಚಿ ಸೇಕಿಚಿ ಅವರ ಶೋರೇಕಾನ್ ಎಂಬ ಶಾಲೆಗಳು ಬೇರೆ ಬೇರೆಯಾಗಿ ಬೆಳೆದವು. 1963ರಲ್ಲಿ ಮಿಯಾಗಿಯವರ ಮನೆಯವರು ಅವರ ಉಡುಪು ಮತ್ತು ಬೆಲ್ಟನ್ನು ಯಾಗಿ ಅವರಿಗೆ ಒಪ್ಪಿಸಿದರು. 1979ರಲ್ಲಿ ಅದೇ ಶೈಲಿಯ ಹಿಗಾವೊನ್ನಾ ಮೊರಿಯೊ ಅಂತರರಾಷ್ಟ್ರೀಯ ಒಕ್ಕೂಟವನ್ನೇ ಕಟ್ಟಿದರು. ಎಲ್ಲರೂ ದೊಡ್ಡ ಸಾಧಕರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಜವಾದ ವಾರಸುದಾರ ಯಾರು ಎಂಬ ವ್ಯಾಜ್ಯ ಇಂದಿಗೂ ಬಗೆಹರಿದಿಲ್ಲ. ಗುರು ಬರೆದಿಡದ ಉಯಿಲನ್ನು ಮೊಮ್ಮಕ್ಕಳು ಓದುತ್ತ ಕೂತ ಹಾಗಿದೆ ಈ ಜಗಳ. ಚಿಬಾನಾ ಅವರು 1969ರಲ್ಲಿ ತೀರಿಕೊಂಡಾಗ ಅವರ ಶೋರಿನ್-ರ್ಯು ಶೈಲಿಯಲ್ಲೂ ಶಿಷ್ಯರು ತಮ್ಮ ತಮ್ಮ ದಾರಿ ಹಿಡಿದರು.

ಬೇರೆಯಾದದ್ದು ತಪ್ಪಲ್ಲ. ಬೇರೆಯಾದವರು ಡಾನ್ ಅನ್ನು ಆಯುಧ ಮಾಡಿಕೊಂಡದ್ದು ತಪ್ಪು. ಯುದ್ಧಾನಂತರ ದ್ವೀಪದ ತುಂಬ ಅಮೆರಿಕದ ಸೇನಾನೆಲೆಗಳು ಎದ್ದವು. ಸೈನಿಕರು ಅಲ್ಪ ಕಾಲ ಇದ್ದು ಕಲಿತು, ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡು ಊರಿಗೆ ಹೋಗಿ ತರಗತಿ ತೆರೆದರು. ಅವರಿಗೆ ಮೇಲಿನ ಪದವಿ ಬೇಕಿತ್ತು, ದ್ವೀಪದ ಗುರುಗಳಿಗೆ ವಿದೇಶಿ ಶಾಖೆ ಬೇಕಿತ್ತು. ಒಬ್ಬ ಗುರು ಕೊಡದಿದ್ದರೆ ಇನ್ನೊಬ್ಬ ಕೊಡುತ್ತಾನೆ ಎಂದಾದ ಮೇಲೆ ಪದವಿಗೆ ಉಳಿಯುವ ತೂಕವೆಷ್ಟು? ಜೂಡೊದಲ್ಲಿ ಕಾನೊ ಅವರ ಕೊಡೋಕಾನ್ ಶಾಲೆ 1882ರಲ್ಲಿ ಹುಟ್ಟಿದಾಗಿನಿಂದ ಹತ್ತನೇ ಡಾನ್ ಕೊಟ್ಟಿರುವುದು ಕೇವಲ 15 ಮಂದಿಗೆ. ಕರಾಟೆಯಲ್ಲಿ ಹೊಸ ಸಂಸ್ಥೆಯೊಂದು ಹುಟ್ಟಿದಾಗಲೆಲ್ಲ ಹೊಸ ಹತ್ತನೇ ಡಾನ್ ಒಂದು ಹುಟ್ಟಬಹುದು, ತಡೆಯುವವರಿಲ್ಲ.

ಹಾಗಾದರೆ ಎಲ್ಲರಿಗೂ ಒಂದೇ ಮುದ್ರೆ ಇರಲಿ, ಒಂದೇ ಮಂಡಳಿ ಪರೀಕ್ಷೆ ಮಾಡಲಿ ಎನ್ನುವವರಿದ್ದಾರೆ. ಆ ಮದ್ದು ರೋಗಕ್ಕಿಂತ ಕೆಟ್ಟದ್ದು. 1964ರಲ್ಲಿ ಹುಟ್ಟಿದ ಜಪಾನ್ ಕರಾಟೆ ಒಕ್ಕೂಟ ಶೋತೋಕಾನ್, ಗೋಜು, ಶಿತೊ, ವಾಡೊ ಎಂಬ ನಾಲ್ಕನ್ನು ಮುಖ್ಯ ಶೈಲಿಗಳೆಂದು ಹಿಡಿದು ಸ್ಪರ್ಧೆಯ ಕಾಟಾಗಳನ್ನು, ಅಂದರೆ ಕ್ರಮಬದ್ಧ ಚಲನೆಗಳ ಸರಣಿಗಳನ್ನು, ನಿಗದಿ ಮಾಡಿತು. ಒಕಿನಾವಾದ ಉಯೆಚಿ-ರ್ಯುವಿಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಆ ಒಕ್ಕೂಟಕ್ಕೆ ಸೇರಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆಯೇ 1980ರ ದಶಕದ ಆರಂಭದಲ್ಲಿ ಒಕಿನಾವಾದ ಕರಾಟೆ ಲೋಕ ಒಡೆಯಿತು. 1987ರ ರಾಷ್ಟ್ರೀಯ ಕ್ರೀಡಾಕೂಟ ಆ ದ್ವೀಪದಲ್ಲೇ ನಡೆಯಲಿತ್ತು, ಅದರಲ್ಲಿ ಸ್ಪರ್ಧಿಸಲು ಆ ಒಕ್ಕೂಟಕ್ಕೆ ಸೇರಬೇಕಿತ್ತು. ಅಂದು ಸೇರುವುದಿಲ್ಲ ಎಂದವರ ಪರ ನಾನಿದ್ದೇನೆ. ಅವರು ಕುರ್ಚಿಗಾಗಿ ಅಲ್ಲ, ತಮ್ಮ ಕಾಟಾಗಳು ತೀರ್ಪುಗಾರರ ಕಣ್ಣಿಗೆ ತಕ್ಕಂತೆ ಬದಲಾಗಬಾರದೆಂದು ಹಟ ಹಿಡಿದಿದ್ದರು.

2008ರಲ್ಲಿ ನಾಲ್ಕು ಸಂಸ್ಥೆಗಳು ಒಕಿನಾವಾ ಸಾಂಪ್ರದಾಯಿಕ ಕರಾಟೆ ಸಂವರ್ಧನಾ ಸಂಘದಡಿ ಒಟ್ಟುಗೂಡಿದವು. 2017ರಲ್ಲಿ ತೊಮಿಗುಸುಕುವಿನಲ್ಲಿ ಕರಾಟೆ ಕಾಯಿಕಾನ್ ಎಂಬ ದೊಡ್ಡ ಭವನ ತೆರೆಯಿತು. 2021ರಲ್ಲಿ ಒಕಿನಾವಾದ ಕಿಯುನಾ ರ್ಯೊ ಒಲಿಂಪಿಕ್ಸ್‌ನ ಕಾಟಾ ಚಿನ್ನ ಗೆದ್ದಾಗ ಇಡೀ ದ್ವೀಪ ಒಂದಾಗಿ ಕುಣಿಯಿತು. ಒಕಿನಾವಾ ಕರಾಟೆಯನ್ನು ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿಸುವ ಪ್ರಯತ್ನವೂ ನಡೆದಿದೆ. ಇಷ್ಟೆಲ್ಲ ಆಗಿಯೂ ಡಾನ್ ವಿಷಯ ಬಂದರೆ ಎಲ್ಲರೂ ಮೌನ. ಅಲ್ಲಿ ಎಲ್ಲರಿಗೂ ಕಳೆದುಕೊಳ್ಳುವುದಿದೆ.

ಆ ಸಂವರ್ಧನಾ ಸಂಘ ಎಲ್ಲರಿಗೂ ಸಾಮಾನ್ಯವಾದ ಪದವಿಯನ್ನು ಸೃಷ್ಟಿಸುವುದು ಬೇಡ. ಒಂದು ತೆರೆದ ದಾಖಲೆ ಇಡಲಿ: ಯಾರು ಯಾರ ಬಳಿ ಎಷ್ಟು ವರ್ಷ, ಯಾವ ದೋಜೊದಲ್ಲಿ (ತರಬೇತಿ ಶಾಲೆಯಲ್ಲಿ), ಯಾವ ಕಾಟಾಗಳನ್ನು ಕಲಿತರು, ಈಗಿನ ಪದವಿಯನ್ನು ಕೊಟ್ಟವರು ಯಾರು, ಯಾವ ವರ್ಷ. ಒಪ್ಪುವುದು ಬಿಡುವುದು ಓದುವವನ ವಿವೇಕ. ಶಾಖೆ ಕಟ್ಟಿದ್ದಕ್ಕೆ, ಹಣ ಕೂಡಿಸಿದ್ದಕ್ಕೆ ಕೊಟ್ಟ ಪದವಿಯಾದರೆ ಹಾಗೆಂದೇ ಬರೆಯಲಿ. ಅದೂ ಸೇವೆಯೇ, ಆದರೆ ಕಲಿಕೆಯಲ್ಲ.

ಇದು ದೂರದ ದ್ವೀಪದ ಮನೆಜಗಳ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಗೋಜು-ರ್ಯು, ಶಿತೊ-ರ್ಯು ಎಂಬ ಬೋರ್ಡುಗಳ ಕೆಳಗೆ ಮಕ್ಕಳು ಬೆಲ್ಟ್ ಟೆಸ್ಟಿಗೆ ಸಾಲು ನಿಲ್ಲುತ್ತಾರೆ, ಅಪ್ಪ ಅಮ್ಮ ಶುಲ್ಕ ಕಟ್ಟುತ್ತಾರೆ. ಅಲ್ಲಿ ಕಲಿಸುವವರ ಡಾನ್ ಎಷ್ಟನೆಯದು ಎಂದು ಕೇಳುವುದನ್ನು ಬಿಟ್ಟು, ಯಾರ ಕೈಕೆಳಗೆ ಎಷ್ಟು ವರ್ಷ ಕಲಿತಿರಿ, ಈಗಲೂ ದಿನಾ ಅಭ್ಯಾಸ ಮಾಡುತ್ತೀರಾ ಎಂದು ಪೋಷಕರು ಕೇಳಬೇಕು. ಆ ಪ್ರಶ್ನೆಗೆ ಸಿಟ್ಟಾಗುವ ಶಿಕ್ಷಕರ ಕೈಗೆ ಮಗುವನ್ನು ಒಪ್ಪಿಸಬಾರದು.