ಒದ್ದೆ ಪಂಚೆಯೂ ಒಣ ಉಪದೇಶವೂ



ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಗಂಡಸಿಗೆ ನಮ್ಮ ಸಮಾಜ ಹೇಳುವ ಸಾಂತ್ವನದ ಮಾತು ಒಂದೇ: ‘ಜೀವ ಉಳಿಯಿತಲ್ಲ, ಇನ್ನೇನು ಬೇಕು?’ ಕೇಳಲು ಹಿತವಾದ ಈ ಮಾತನ್ನು ನಾನು ಖಂಡಿಸುತ್ತೇನೆ. ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಪಂಚೆ ಒದ್ದೆಯಾಗುವವನ ಬಾಯಿ ಮುಚ್ಚಿಸುವುದಕ್ಕೆ ಇದಕ್ಕಿಂತ ಸುಲಭೋಪಾಯ ಇನ್ನೊಂದಿಲ್ಲ. ಆ ಶಸ್ತ್ರಚಿಕಿತ್ಸೆ ನನಗೂ ಆಗಿರುವುದರಿಂದ ಅನುಭವದಿಂದಲೇ ಬರೆಯುತ್ತಿದ್ದೇನೆ.

ಮೊದಲು ಕಾರಣವನ್ನು ತಿಳಿಯೋಣ. ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇದೆ. ಅದನ್ನು ತೆಗೆಯುವಾಗ ಮೂತ್ರಕೋಶದ ಬಾಯಿಯನ್ನು ತಾನಾಗಿ ಬಿಗಿಹಿಡಿಯುವ ಸ್ನಾಯುವಿಗೂ ಪೆಟ್ಟು ಬೀಳುತ್ತದೆ. ಆಮೇಲೆ ಕೆಳಗಿನ ಇನ್ನೊಂದು ಸ್ನಾಯುವೇ ಭಾರವನ್ನೆಲ್ಲ ಹೊರಬೇಕು. ವಿಕಿರಣ ಚಿಕಿತ್ಸೆಯ ಉಪಟಳ ಬೇರೆ ಬಗೆಯದು. ಅದು ಮೂತ್ರಕೋಶವನ್ನು ಕೆರಳಿಸಿ, ತಡೆಯಲಾಗದ ಅವಸರವನ್ನು ಹುಟ್ಟಿಸುತ್ತದೆ. ಕೆಲವರಲ್ಲಿ ವರ್ಷಗಳ ನಂತರ ತಲೆದೋರುತ್ತದೆ. ಎರಡೂ ಚಿಕಿತ್ಸೆಗಳಾದವರಿಗೆ ಹತೋಟಿ ಮರಳುವುದು ಮತ್ತಷ್ಟು ಕಷ್ಟ.

ಇದು ಅಪರೂಪದ ತೊಂದರೆಯೆ? ಬ್ರಿಟನ್ನಿನಲ್ಲಿ 1,643 ಗಂಡಸರ ಮೇಲೆ ನಡೆದ ‘ಪ್ರೊಟೆಕ್ಟ್’ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಆರು ತಿಂಗಳ ಹೊತ್ತಿಗೆ ಶೇ. 46, ಆರು ವರ್ಷದ ಹೊತ್ತಿಗೆ ಶೇ. 17 ಮಂದಿ ಪ್ಯಾಡ್ ಬಳಸುತ್ತಿದ್ದರು. ವಿಕಿರಣದ ಗುಂಪಿನಲ್ಲಿ ಅದು ಶೇ. 5 ಮತ್ತು ಶೇ. 4. ಹಲವರು ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ತೊಂದರೆ ಉಳಿದೇಬಿಡುತ್ತದೆ. ಆದ್ದರಿಂದ ‘ಎಲ್ಲ ಸರಿಹೋಗುತ್ತದೆ’ ಎಂಬ ಭರವಸೆಯೂ ಸುಳ್ಳು, ‘ಹಣೆಬರಹ’ ಎಂಬ ನಿಟ್ಟುಸಿರೂ ಸುಳ್ಳು. ಚಿಕಿತ್ಸೆಯನ್ನು ಆರಿಸುವ ಮುನ್ನವೇ ಇದನ್ನು ರೋಗಿಯ ಭಾಷೆಯಲ್ಲಿ ವಿವರಿಸುವುದು ವೈದ್ಯರ ಧರ್ಮ. ಒಪ್ಪಿಗೆ ಪತ್ರದ ಮೂಲೆಯಲ್ಲಿ ಇಂಗ್ಲಿಷಿನ ಒಂದು ಸಾಲು ಮುದ್ರಿಸಿದರೆ ಆ ಧರ್ಮ ಪಾಲಿಸಿದಂತಾಗದು.

ಪರಿಹಾರಗಳೂ ಹೊಸವೇನಲ್ಲ. ಶ್ರೋಣಿಯ ತಳದ ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿಯೇ ಪ್ರಚಾರಕ್ಕೆ ತಂದರು. ಬಾಣಂತಿಯರಿಗಾಗಿ ಹುಟ್ಟಿದ್ದು ಗಂಡಸರಿಗೂ ಉಪಕಾರಿಯಾಯಿತು. ಮೂಲಬಂಧ ಅಭ್ಯಾಸ ಮಾಡಿದವರಿಗೆ ಈ ಬಿಗಿತದ ಪರಿಚಯವಿದ್ದೀತು. ಆದರೆ ಇಲ್ಲಿ ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಫಿಸಿಯೋಥೆರಪಿಸ್ಟರಿಂದಲೇ ಕಲಿಯುವುದು ಲೇಸು. ಅದರಿಂದಲೂ ಗುಣವಾಗದೆ ಉಳಿದವರಿಗೆ ಕೃತಕ ಸ್ನಾಯುವಿನ ಸಾಧನವುಂಟು. ಮೂತ್ರನಾಳದ ಸುತ್ತ ದ್ರವ ತುಂಬಿದ ಪಟ್ಟಿಯೊಂದನ್ನು ಅಳವಡಿಸುತ್ತಾರೆ; ಬೇಕಾದಾಗ ಒತ್ತಿ ಸಡಿಲಿಸಬಹುದು. 1970ರ ದಶಕದಲ್ಲಿಯೇ ಬಂದ ಇದು ದುಬಾರಿ, ನಿಜ. ಹಾಗೆಂದು ಅದರ ಹೆಸರನ್ನೇ ಎತ್ತದಿರುವುದು ನ್ಯಾಯವೆ?

‘ಇಂಥ ವಿಷಯವನ್ನು ಸಭೆಯಲ್ಲಿ ಆಡಬಹುದೆ?’ ಎನ್ನುವ ಹಿರಿಯರಿದ್ದಾರೆ. ಮದುವೆಯ ಪಂಕ್ತಿಯಲ್ಲಿ ಕುಳಿತು ಸಕ್ಕರೆ ಕಾಯಿಲೆಯ ಅಂಕಿಗಳನ್ನು ಹೋಲಿಸಿಕೊಳ್ಳುವ ನಮಗೆ ಇಲ್ಲಿ ಮಾತ್ರ ಏಕೆ ಈ ಮಡಿ? ಈ ಮೌನದ ಬೆಲೆಯನ್ನು ತೆರುವವನು ರೋಗಿ. ಅವನು ದೇವಸ್ಥಾನಕ್ಕೆ ಹೋಗುವುದನ್ನು ಬಿಡುತ್ತಾನೆ, ಬಸ್ಸು ಹತ್ತುವುದನ್ನು ಬಿಡುತ್ತಾನೆ, ಕೊನೆಗೆ ನೀರು ಕುಡಿಯುವುದನ್ನೂ ಬಿಡುತ್ತಾನೆ. ನೀರು ತೀರಾ ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶ ಮತ್ತಷ್ಟು ಕೆರಳಬಹುದು. ಕಡಿಮೆ ಮಾಡಬೇಕಾದದ್ದು ಕಾಫಿಯನ್ನು.

ನಿಮ್ಮಲ್ಲಿ ವೈದ್ಯರಾದವರಿದ್ದೀರಿ, ಕಲ್ಯಾಣ ಮಂಟಪ ಕಟ್ಟಿಸಿದವರಿದ್ದೀರಿ, ಹೋಟೆಲು ನಡೆಸುವವರಿದ್ದೀರಿ. ವೈದ್ಯರು ಮುಂಚಿತವಾಗಿ ಬಾಯಿಬಿಟ್ಟು ಹೇಳಿ. ಉಳಿದವರು ಗಂಡಸರ ಶೌಚಾಲಯದ ಒಳಗೆ ಮುಚ್ಚಳವಿರುವ ಒಂದು ಕಸದ ಬುಟ್ಟಿ ಇಡಿಸಿ. ಬಳಸಿದ ಪ್ಯಾಡನ್ನು ಜೇಬಿನಲ್ಲಿ ಹೊತ್ತು ಮನೆಗೆ ಮರಳುವ ಮುದುಕನ ಮಾನ ಅಷ್ಟರಿಂದಲೇ ಉಳಿಯುತ್ತದೆ. ಮನೆಯಲ್ಲಿ ಅಪ್ಪನೋ ಮಾವನೋ ಹೊರಗೆ ಬರಲು ಹಿಂಜರಿಯುತ್ತಿದ್ದರೆ, ವೇದಾಂತ ಹೇಳಲು ಹೋಗದೆ ಕಾರಣವನ್ನು ಮೆಲ್ಲಗೆ ಕೇಳಿ.