ಓಟ ಮುಗಿದ ಮೇಲೂ ಉಳಿಯಬೇಕಾದ ದಾರಿ

ಜಮಖಂಡಿ ತಾಲ್ಲೂಕಿನ ತುಬಚಿಯ ಸುತ್ತಮುತ್ತಲಿನ ಊರುಗಳ ಜಾತ್ರೆಯ ಕರಪತ್ರಗಳನ್ನು ಓದಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ರಥೋತ್ಸವ, ಡೊಳ್ಳಿನ ಪದ, ಜಂಗಿ ನಿಕಾಲಿ ಕುಸ್ತಿ, ಜೋಡೆತ್ತಿನ ಗಾಡಿಯ ಶರ್ಯತ್ತುಗಳ ಸಾಲಿನಲ್ಲಿಯೇ ಸೈಕಲ್ ಶರ್ಯತ್ತಿಗೂ ಒಂದು ಸ್ಥಾನ ಇರುತ್ತದೆ. ಗೆದ್ದವನಿಗೆ ನಗದು, ಢಾಲು; ಊರಿನವರ ಶಿಳ್ಳೆ, ಕೇಕೆ. ಬೆಂಗಳೂರಿನ ವಾರಾಂತ್ಯದ ಸವಾರರಿಗೆ ಸೈಕಲ್ ಒಂದು ಹವ್ಯಾಸವಾಗುವುದಕ್ಕೆ ಬಹಳ ಮುಂಚೆಯೇ ಕೃಷ್ಣಾ, ಘಟಪ್ರಭೆಗಳ ನಡುವಿನ ಈ ಸೀಮೆಯಲ್ಲಿ ಅದೊಂದು ಪಂದ್ಯವಾಗಿತ್ತು. ನನ್ನ ಬಾಲ್ಯ ಕಳೆದದ್ದು ಇದೇ ಸೀಮೆಯಲ್ಲಿ. ಆದ್ದರಿಂದ ಈ ಭಾಗದ ಹುಡುಗರ ಕಾಲಿನ ಕಸುವಿನ ಬಗ್ಗೆ ನನಗೆ ಎಂದೂ ಅನುಮಾನ ಬಂದಿಲ್ಲ. ಆ ಕಸುವನ್ನು ಪಳಗಿಸಲು ನಾವು ಅವರಿಗೆ ಕೊಟ್ಟಿರುವ ಜಾಗ ಯಾವುದು ಎಂಬುದು ಮಾತ್ರ ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಸೈಕ್ಲಿಂಗ್‌ನಲ್ಲಿ ಕರ್ನಾಟಕದ ಹೆಸರು ಎಂದರೆ ಬಹುಪಾಲು ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳ ಹೆಸರು. ವಿಜಯಪುರ ಹಾಗೂ ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ ಸೈಕ್ಲಿಸ್ಟ್‌ಗಳನ್ನು ಬೆಳೆಸುತ್ತ ಬಂದಿವೆ. ಅಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ರೈತರ, ಕೂಲಿಕಾರರ ಮನೆಯವರು. ಮೂರು ನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ದಿನಾಲೂ ಸೈಕಲ್ ತುಳಿದದ್ದೇ ಅವರ ಮೊದಲ ತರಬೇತಿ. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ ಈ ಜಿಲ್ಲೆಗಳ ಹಳ್ಳಿ ಹಾದಿಗಳಲ್ಲಿ ಹೆಣ್ಣುಮಕ್ಕಳ ಸೈಕಲ್ ಸಾಲೇ ಕಾಣತೊಡಗಿತು. ಕೋವಿಡ್ ವರ್ಷಗಳಲ್ಲಿ ಆ ಯೋಜನೆಗೆ ತಡೆ ಬಿದ್ದದ್ದು ಬರಿಯ ಶಿಕ್ಷಣದ ನಷ್ಟವಲ್ಲ, ಕ್ರೀಡೆಯ ನಷ್ಟವೂ ಹೌದು.

ಇಷ್ಟೆಲ್ಲ ಇದ್ದೂ ಈ ಮಕ್ಕಳು ಅಭ್ಯಾಸ ಮಾಡುವುದು ಎಲ್ಲಿ? ರಾಜ್ಯ ಹೆದ್ದಾರಿಯ ಅಂಚಿನಲ್ಲಿ. ತುಬಚಿ–ಬಬಲೇಶ್ವರ ಏತ ನೀರಾವರಿ ಎಂಬ ಹೆಸರಿನಿಂದಲೇ ನಾಡಿಗೆ ಪರಿಚಿತವಾಗಿರುವ ಸೀಮೆ ಇದು. ನೀರು ಬಂದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಬಾಗಲಕೋಟೆ ಜಿಲ್ಲೆಯೊಂದರಲ್ಲೇ ಹತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಬೇಸಿಗೆಯ ಬಾಗಿಲವರೆಗೆ ನಡೆಯುತ್ತದೆ. ಸೈಕಲ್ ಅಭ್ಯಾಸಕ್ಕೆ ಹೇಳಿಮಾಡಿಸಿದ ತಂಪು ತಿಂಗಳುಗಳೂ ಅವೇ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೀಪವಿಲ್ಲದೆ, ರಸ್ತೆಯ ಮುಕ್ಕಾಲು ಪಾಲನ್ನು ತುಂಬಿಕೊಂಡು ಸಾಗುವ ಟ್ರ್ಯಾಕ್ಟರುಗಳ ಪಕ್ಕದಲ್ಲಿ, ನಸುಕಿನ ಮಂಜಿನಲ್ಲಿ, ಹದಿನಾಲ್ಕು ವರ್ಷದ ಬಾಲಕಿ ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವುದನ್ನು ಕಣ್ಣಾರೆ ಕಂಡವರು ಪದಕಗಳ ಮಾತನ್ನು ಅಷ್ಟು ಹಗುರವಾಗಿ ಆಡಲಾರರು.

ರಸ್ತೆಯಾಚೆಗಿನ ಸೈಕ್ಲಿಂಗ್ ಒಂದಿದೆ ಎಂಬುದು ಇಲ್ಲಿ ನೆನಪಾಗಬೇಕು. ಮೌಂಟೇನ್ ಬೈಕಿಂಗ್ ಎಂಬ ಹೆಸರು ಕೇಳಿದೊಡನೆ ಹಿಮಾಲಯವನ್ನೋ ಆಲ್ಪ್ಸ್ ಪರ್ವತವನ್ನೋ ಕಲ್ಪಿಸಿಕೊಳ್ಳುವವರೇ ಹೆಚ್ಚು. ಅದು ಹುಟ್ಟಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಮಣ್ಣು ದಾರಿಗಳಲ್ಲಿ. ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡು ಗುಡ್ಡ ಇಳಿಯುತ್ತಿದ್ದ ಕೆಲವು ಹುಡುಗರ ಕೈಯಲ್ಲಿ. 1990ರಲ್ಲಿ ಅಮೆರಿಕದ ಡ್ಯುರಾಂಗೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಕೂಟದಲ್ಲಿ ಅದು ಒಲಿಂಪಿಕ್ಸ್ ಸೇರಿತು. ಸ್ಪರ್ಧೆಯ ಮಾರ್ಗ ಸಾಮಾನ್ಯವಾಗಿ ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತು. ಅದರಲ್ಲಿ ಏರು, ಇಳಿಜಾರು, ಕಲ್ಲುಹಾಸು, ಮರಗಳ ನಡುವಿನ ಕಾಲುದಾರಿ ಇರುತ್ತವೆ. ಸವಾರರು ಆ ಸುತ್ತನ್ನೇ ಮತ್ತೆ ಮತ್ತೆ ಹಾಕುತ್ತಾರೆ. ಒಲಿಂಪಿಕ್ಸ್ ಸ್ಪರ್ಧೆ ಮುಗಿಯಲು ಹಿಡಿಯುವುದು ಸುಮಾರು ಒಂದೂವರೆ ಗಂಟೆ. ಇದಕ್ಕೆ ಪರ್ವತ ಬೇಕಿಲ್ಲ, ಒಂದು ಗುಡ್ಡ ಸಾಕು.

ಈ ಮಾತಿಗೆ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಹ್ಯಾಡ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನ ಮೌಂಟೇನ್ ಬೈಕ್ ಸ್ಪರ್ಧೆ ನಡೆದದ್ದು ಅಲ್ಲಿಯ ಸಾಲ್ವೇಶನ್ ಆರ್ಮಿ ಸಂಸ್ಥೆಗೆ ಸೇರಿದ ಕೃಷಿಭೂಮಿಯಲ್ಲಿ. ಪಕ್ಕದಲ್ಲೇ ಮರಗಿಡಗಳಿಂದ ತುಂಬಿದ ಗ್ರಾಮೀಣ ಉದ್ಯಾನವಿದೆ, ಹದಿಮೂರನೆಯ ಶತಮಾನದ ಪಾಳುಕೋಟೆಯಿದೆ, ಕೆಳಗೆ ಥೇಮ್ಸ್ ನದಿ ಸಮುದ್ರ ಸೇರುವ ವಿಶಾಲ ಅಳಿವೆಯಿದೆ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಗೆಂದು ಆ ಕಡೆ ಹೋಗಿದ್ದಾಗ ಬಾಡಿಗೆ ಸೈಕಲ್ ಹಿಡಿದು ನಾನೂ ಆ ದಾರಿಯಲ್ಲಿ ಸವಾರಿ ಮಾಡಿದೆ. ಜಗತ್ತಿನ ಅತಿ ವೇಗದ ಸವಾರರು ಹಾದುಹೋದ ನೆಲ ಅದು. ಆದರೂ ಐವತ್ತು ದಾಟಿದ ನನ್ನಂಥವನಿಗೆ ಅಲ್ಲಿ ಒಂದು ದಾರಿ ಇತ್ತು. ಕಷ್ಟದ ಪ್ರಮಾಣಕ್ಕೆ ತಕ್ಕಂತೆ ಹಸಿರು, ನೀಲಿ, ಕೆಂಪು, ಕಪ್ಪು ಗುರುತುಗಳು. ನೀಲಿ ಗುರುತಿನ ದಾರಿಯಲ್ಲಿ ಮುಳ್ಳುಪೊದೆಗಳ ನಡುವೆ ತಿರುಗುತ್ತ ಏರಿದಾಗ ಉಸಿರು ಕಟ್ಟಿತು; ಇಳಿಯುವಾಗ ಎರಡು ಬೆರಳನ್ನು ಬ್ರೇಕಿನ ಮೇಲೆ ಇಟ್ಟು, ಆಸನದಿಂದ ಎದ್ದು, ದೇಹದ ತೂಕವನ್ನು ಹಿಂದಕ್ಕೆ ಸರಿಸಬೇಕೆಂಬುದು ಯಾರೂ ಹೇಳಿಕೊಡದೆ ಅರ್ಥವಾಯಿತು. ಒಲಿಂಪಿಯನ್ನರು ಹಾರಿ ಇಳಿದ ಬಂಡೆಗಳ ಪಕ್ಕದಲ್ಲೇ ಎಂಟು ಹತ್ತು ವರ್ಷದ ಮಕ್ಕಳು ಬಳಸುದಾರಿ ಹಿಡಿದು ಸಾಗುತ್ತಿದ್ದರು.

ನನ್ನನ್ನು ಬೆರಗುಗೊಳಿಸಿದ್ದು ಆ ಮಾರ್ಗದ ಕಾಠಿಣ್ಯವಲ್ಲ, ಅದರ ಆಯುಷ್ಯ. ಸ್ಪರ್ಧೆ ನಡೆದದ್ದು ಎರಡೇ ದಿನ. ಬಳಿಕ ಆ ಮಾರ್ಗವನ್ನು ಸಾರ್ವಜನಿಕರಿಗೆ ತಕ್ಕಂತೆ ಮಾರ್ಪಡಿಸಿ 2015ರಲ್ಲಿ ತೆರೆದರು. ಪ್ಯಾರಿಸ್‌ನದು ಇನ್ನೂ ಕುತೂಹಲದ ಕಥೆ. 2024ರ ಒಲಿಂಪಿಕ್ಸ್‌ನ ಮೌಂಟೇನ್ ಬೈಕ್ ಸ್ಪರ್ಧೆ ನಡೆದ ಎಲಾಂಕೂರ್ ಗುಡ್ಡದ ಎತ್ತರ ಸಮುದ್ರಮಟ್ಟದಿಂದ ಕೇವಲ 231 ಮೀಟರ್. ಅದು ಪ್ರಕೃತಿ ಕೊಟ್ಟ ಗುಡ್ಡವೂ ಅಲ್ಲ. ಹಿಂದೆ ಕಲ್ಲುಗಣಿಯಾಗಿದ್ದ ಜಾಗದಲ್ಲಿ ಕಟ್ಟಡಗಳ ಅವಶೇಷ ಸುರಿದು ಬೆಳೆದ ದಿಬ್ಬ. ತೋಡಿ ಬಿಟ್ಟ ಗಣಿ, ಸುರಿದ ಕಸ, ಅದರ ಮೇಲೆ ಬೆಳೆದ ಮರ, ಕೊನೆಗೆ ಒಲಿಂಪಿಕ್ಸ್. ಕಲ್ಲು, ಮುರ್ರಂ ತೆಗೆದು ಕೈಬಿಟ್ಟ ಗುಂಡಿಗಳಿಗೆ ನಮ್ಮಲ್ಲಿ ಬರವೇ?

ನಮ್ಮ ದೇಶ ಈ ಕ್ರೀಡೆಗೆ ಅಪರಿಚಿತವೇನಲ್ಲ. 2023ರ ಅಕ್ಟೋಬರ್‌ನಲ್ಲಿ ಕೇರಳದ ಪೊನ್ಮುಡಿಯಲ್ಲಿ ಏಷ್ಯನ್ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ಈ ದಶಕದ ಆರಂಭದಲ್ಲಿ ನಮ್ಮದೇ ಗದಗದ ಬಳಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಾಗ ಬಯಲುಸೀಮೆಯ ಕುರುಚಲು ಗುಡ್ಡಗಳೂ ಇದಕ್ಕೆ ಯೋಗ್ಯ ಎಂಬುದು ಸಾಬೀತಾಯಿತು. ಆದರೆ 1964ರ ಟೋಕಿಯೊದಿಂದೀಚೆಗೆ, 2024ರ ಪ್ಯಾರಿಸ್‌ವರೆಗೆ, ಸೈಕ್ಲಿಂಗ್‌ನ ಯಾವ ವಿಭಾಗದಲ್ಲೂ ಭಾರತದವರೊಬ್ಬರು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿಲ್ಲ. ಕೂಟಗಳನ್ನು ನಡೆಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಬಹುಮಾನ ವಿತರಣೆಯ ಮರುದಿನ ಆ ದಾರಿ ಯಾರದಾಗುತ್ತದೆ ಎಂಬುದರ ಬಗ್ಗೆ ಯೋಚಿಸುವುದು ಕಡಿಮೆ. ದೊಡ್ಡ ಕಟ್ಟಡಗಳ ಮೇಲಿರುವ ಮೋಹ ಸಣ್ಣ ದಾರಿಗಳ ಮೇಲೆ ನಮಗಿಲ್ಲ. ವಿಜಯಪುರದ ವೆಲೊಡ್ರೋಂ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಕಾಯುತ್ತ ಒಂದು ಪೀಳಿಗೆಯ ಸವಾರರ ಹರೆಯವೇ ಕಳೆದುಹೋಯಿತು.

ಮಣ್ಣಿನ ಮಾರ್ಗಕ್ಕೆ ಅಂಥ ಕಾಯುವಿಕೆ ಬೇಕಿಲ್ಲ. ನದಿ ಪಕ್ಕದ ಎರೆಭೂಮಿ ಇದಕ್ಕೆ ಆಗಿಬರುವುದಿಲ್ಲ. ಒಂದು ಮಳೆ ಬಿದ್ದರೆ ಚಕ್ರವೇ ತಿರುಗದಷ್ಟು ಕೆಸರು ಅಂಟುತ್ತದೆ. ಆದರೆ ಎರೆಯ ಸೆರಗಿನಲ್ಲೇ ಮಡ್ಡಿಯಿದೆ, ಗರಸು ನೆಲವಿದೆ, ನೀರು ನಿಲ್ಲದ ಕಲ್ಲುಗುಡ್ಡಗಳಿವೆ. ಬೇವು, ಜಾಲಿ, ದಿಂಡಲ, ಬಾರಿ ಗಿಡಗಳ ನೆರಳಿದೆ. ಅರಣ್ಯ ಇಲಾಖೆ ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ರಾಜ್ಯದ ಹಲವೆಡೆ ಬೆಳೆಸಿರುವ ವೃಕ್ಷೋದ್ಯಾನಗಳಿವೆ. ಇಂಥ ಉದ್ಯಾನಗಳ ಅಂಚಿನಲ್ಲಿ, ಕಂದಾಯ ಇಲಾಖೆಯ ಪಾಳು ಗುಡ್ಡಗಳಲ್ಲಿ, ಗಣಿ ಮುಗಿದ ಜಾಗಗಳಲ್ಲಿ ಮೂರು ನಾಲ್ಕು ಕಿಲೋಮೀಟರಿನ ಒಂದು ಸುತ್ತು ಮಾಡಲು ಬೇಕಾದದ್ದು ಸಿಮೆಂಟಲ್ಲ. ಗುದ್ದಲಿ, ಸಲಿಕೆ ಮತ್ತು ನೆಲ ಬಲ್ಲವರ ಕಣ್ಣು.

ಹೀಗೆ ಹೇಳುವಾಗ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಅರಣ್ಯವನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಗಿದೆ. ನಾಚಿಕೆ ಸ್ವಭಾವದ ಆ ಪುಟ್ಟ ಜಿಂಕೆಗೆ ಮೀಸಲಾದ ನೆಲ ಅದು. ಅಲ್ಲಿ ಚಕ್ರದ ಗುರುತು ಮೂಡಬಾರದು. ಉಳಿದ ಕಡೆಗಳಲ್ಲೂ ದಾರಿಯನ್ನು ಮನಬಂದಂತೆ ಕಡಿದರೆ ಮೊದಲ ಮುಂಗಾರಿಗೇ ಅದು ಹಳ್ಳವಾಗುತ್ತದೆ. ಗುಡ್ಡವನ್ನು ನೇರ ಸೀಳದೆ ಅದರ ಮೈಯನ್ನು ಬಳಸಿ ಹೋಗುವುದು, ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳುವುದು, ಅಲ್ಲಲ್ಲಿ ನೀರು ಹೊರಗೆ ಹರಿಯುವಂತೆ ಇಳುಕಲು ಕೊಡುವುದು ಜಗತ್ತಿನೆಲ್ಲೆಡೆ ದಾರಿ ಕಟ್ಟುವವರು ಪಾಲಿಸುವ ನಿಯಮಗಳು. ಹೊಲಕ್ಕೆ ಒಡ್ಡು ಹಾಕಿ ಗೊತ್ತಿರುವ ನಮ್ಮ ರೈತನಿಗೆ ಇವು ಹೊಸ ಪಾಠಗಳೇನಲ್ಲ.

ಲಕ್ಷಾಂತರ ರೂಪಾಯಿಯ ಸೈಕಲ್ ಬೇಡುವ ಆಟವನ್ನು ಕಬ್ಬು ಕಡಿಯುವವರ ಮಕ್ಕಳಿಗೆ ಹೇಳುವುದು ಎಷ್ಟು ಸರಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಅಂತರರಾಷ್ಟ್ರೀಯ ಮಟ್ಟದ ಸೈಕಲ್ ದುಬಾರಿ; ಹಗುರವಾದ ರಸ್ತೆ ಸೈಕಲ್ ಕೂಡ ಅಗ್ಗದ್ದಲ್ಲ. ಆದರೆ ಹತ್ತರಿಂದ ಹದಿನಾಲ್ಕು ವರ್ಷದೊಳಗಿನ ಮಗು ಕಲಿಯಬೇಕಾದದ್ದು ಸಮತೋಲನ, ತಿರುವಿನ ಲೆಕ್ಕ, ಬ್ರೇಕಿನ ಹದ, ಬಿದ್ದು ಏಳುವ ಧೈರ್ಯ. ಇವನ್ನು ದಪ್ಪ ಟೈರಿನ ಸಾಮಾನ್ಯ ಸೈಕಲ್ಲಿನಲ್ಲೇ ಕಲಿಯಬಹುದು. ಮುಖ್ಯವಾದ ಮಾತೆಂದರೆ ಆ ಮಗು ಬಿದ್ದರೆ ಮೊಣಕಾಲು ತರಚೀತು. ಮೇಲೆ ಕಬ್ಬಿನ ಟ್ರೇಲರ್ ಹರಿಯದು. ರಸ್ತೆ ಸ್ಪರ್ಧೆಗೆ ಹೋಗುವವರು ಮುಂದೊಂದು ದಿನ ರಸ್ತೆಗೆ ಇಳಿಯಲೇಬೇಕು, ನಿಜ. ಅಷ್ಟರೊಳಗೆ ಸೈಕಲ್ ಅವರ ಹಿಡಿತಕ್ಕೆ ಬಂದಿರಬೇಕು.

ಇನ್ನು ಇದನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಉತ್ತರ ನಮ್ಮ ಊರುಗಳಲ್ಲೇ ಇದೆ. ಜಮಖಂಡಿ, ಮುಧೋಳ ಸೀಮೆಯ ಹಳ್ಳಿಗಳು ತಲೆಮಾರುಗಳಿಂದ ಗರಡಿಮನೆಗಳನ್ನು ಸಾಕಿಕೊಂಡು ಬಂದಿವೆ. ಗರಡಿಯಲ್ಲಿ ಏನಿತ್ತು? ಜರಡಿ ಹಿಡಿದ ಕೆಂಪು ಮಣ್ಣು, ಅದನ್ನು ದಿನಾಲೂ ಹದ ಮಾಡುವ ಶಿಸ್ತು, ಕಿರಿಯರಿಗೆ ಪಟ್ಟು ಹೇಳಿಕೊಡುವ ಹಿರಿಯ ಪೈಲವಾನ. ಜಂಗಿ ಕುಸ್ತಿ ವರ್ಷಕ್ಕೊಮ್ಮೆ ನಡೆದರೆ ಗರಡಿಯ ಬಾಗಿಲು ವರ್ಷವಿಡೀ ತೆರೆದಿರುತ್ತಿತ್ತು. ಪಂದ್ಯ ಬೇರೆ, ಸಾಧನೆಯ ಜಾಗ ಬೇರೆ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗಿತ್ತು.

ಸೈಕಲ್ಲಿಗೂ ಅಂಥದೊಂದು ಮಣ್ಣಿನ ಗರಡಿ ಬೇಕು. ಅರಣ್ಯ ಇಲಾಖೆ ಜಾಗ ಗುರುತಿಸಲಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತರಬೇತುದಾರರನ್ನು ಕೊಡಲಿ, ಗ್ರಾಮ ಪಂಚಾಯಿತಿ ಉದ್ಯೋಗ ಖಾತ್ರಿಯ ಕೈಗಳನ್ನು ಬಳಸಲು ಸಾಧ್ಯವೇ ಎಂದು ಪರಿಶೀಲಿಸಲಿ. ಹೆದ್ದಾರಿಯ ಮೇಲೆ ತಮ್ಮ ಕಬ್ಬಿನ ಭಾರ ಹೇರಿರುವ ಸಕ್ಕರೆ ಕಾರ್ಖಾನೆಗಳು ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಶಿರಸ್ತ್ರಾಣ, ಸೈಕಲ್ಲುಗಳನ್ನು ಒದಗಿಸಲಿ. ಜೊತೆಗೆ ಟ್ರೇಲರುಗಳ ಹಿಂದೆ ಪ್ರತಿಫಲಕ ಅಂಟಿಸುವ ಕನಿಷ್ಠ ಕರ್ತವ್ಯವನ್ನೂ ಮಾಡಲಿ. ರಾಷ್ಟ್ರೀಯ ಕೂಟ ನಮ್ಮ ಊರಿಗೆ ಬಂದರೆ ಸಂತೋಷ, ಬಾರದಿದ್ದರೂ ಚಿಂತೆಯಿಲ್ಲ. ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಚಪ್ಪಾಳೆ ತಟ್ಟುವ ಊರು, ಅದರ ಮರುದಿನದ ನಸುಕಿನಲ್ಲಿ ತನ್ನ ಮಕ್ಕಳು ಎಲ್ಲಿ ಸೈಕಲ್ ತುಳಿಯುತ್ತಿದ್ದಾರೆ ಎಂದು ವಿಚಾರಿಸಿದರೆ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.